ಉಸಿರು ಹಿಡಿಯಿರಿ

ಎದೆಯಲ್ಲೇನಿದೆ ಎಂದು ಕೇಳುವುದು
ಉಳಿದವರಿಗೆ ಮಾತಿನ ವಾಡಿಕೆ.
ನನಗೆ ಸಂಬಳದ ಕೆಲಸ:
ರೀಗಾದ ಆಸ್ಪತ್ರೆ, ಎರಡನೇ ಮಹಡಿ,
ದೀಪ ಕುಗ್ಗಿಸಿದ ಎಕೋ ಕೋಣೆ.

ತಾಲಿವಲ್ದಿಸ್‌ಗಿಂತ ಮೊದಲು ಹೊಗೆಯ ವಾಸನೆ ಒಳಬಂತು.
ಹೊಗೆಗಿಟ್ಟ ಮೀನು ಮಾರುವವನು,
ಒಂದು ಕಾಲಕ್ಕೆ ವಾಯುನೌಕೆ ಕಟ್ಟಿಹಾಕುತ್ತಿದ್ದ
ಕಮಾನು ಸೂರಿನಡಿ ಅವನ ಅಂಗಡಿ.
'ಜೆಲ್ ತಣ್ಣಗಿದೆ, ಕ್ಷಮಿಸಿ' ಅಂದೆ.
'ಮೀನಿಗೆ ನಾನೂ ಹೀಗೇ ಮಾಡುವುದು,
ಕ್ಷಮೆ ಮಾತ್ರ ಕೇಳುವುದಿಲ್ಲ.'

ನಾಲ್ಕು ತಿಂಗಳಿಂದ ಏದುಸಿರು.
ಹೃದಯದ ಚೀಲದಲ್ಲಿ ನೀರು ಎಂದಿದ್ದರು,
ಸೂಜಿಗೆ ಬಂದದ್ದು ಬೀಟ್‌ರೂಟ್ ತೊಳೆದ ಬಣ್ಣ.
ಅದರಲ್ಲಿ ಕೆಟ್ಟ ಕಣ ಸಿಗಲಿಲ್ಲ.
ಕ್ಷಯವಿರಬಹುದು ಎಂದು ಗುಳಿಗೆ ಕೊಟ್ಟರು;
ಈರುಳ್ಳಿ ಹೆಚ್ಚುವಾಗ ಹೆಂಡತಿ ನೋಡಿದಳಂತೆ,
ಕಣ್ಣೀರಿಗೂ ಕಿತ್ತಳೆ ಬಣ್ಣ.

ಹದಿನೆಂಟು ವರ್ಷದಲ್ಲಿ ನಾನು ಕಂಡ ಗಂಟುಗಳು
ಹೆಚ್ಚಿನವು ಸಾಧು,
ತೊಟ್ಟಿನ ಮೇಲೆ ತೂಗಾಡುವಂಥವು.
ಇದಕ್ಕೆ ತೊಟ್ಟಿರಲಿಲ್ಲ.
ಬೇರಿತ್ತು.
ಬಲ ಹೃತ್ಕರ್ಣದ ಗೋಡೆಗೆ
ಯಾರೋ ಅವಸರದಲ್ಲಿ ಮೆತ್ತಿಹೋದ ಹಿಟ್ಟು,
ಅಲ್ಲಿ ಮಾತ್ರ ಗೋಡೆ ಮಿಡಿಯುತ್ತಿರಲಿಲ್ಲ.

ಹೇಳುವ ಅಧಿಕಾರ ನನಗಿಲ್ಲ.
'ಉಸಿರು ಹಿಡಿಯಿರಿ' ಅಂದೆ,
ಅಳೆದೆ, ಮತ್ತೊಮ್ಮೆ ಅಳೆದೆ,
'ಬಿಡಿ' ಅನ್ನುವುದು ಮರೆತೆ.
ವಿಧೇಯ ಮನುಷ್ಯ, ಹಿಡಿದೇ ಇದ್ದ,
ಮುಖ ಕೆಂಪೇರುವವರೆಗೆ.
ಅವನಿಗೆ ಸುದ್ದಿ ಮುಟ್ಟಿದ್ದು ಹಾಗೆ.

ಆಮೇಲೆ ಎಂಆರ್‌ಐ.
ಕತ್ತಿನ ನರದಿಂದ ತಂತಿ ಇಳಿಸಿ
ಸಾಸಿವೆಯಷ್ಟು ಚೂರು ತೆಗೆದರು.
'ಎದೆಗೂ ಬರುತ್ತದಾ ಕ್ಯಾನ್ಸರ್?'
ಬರುವುದು ಅಪರೂಪ, ಅಂದರು ಡಾಕ್ಟರ್ ಸ್ಕೈದ್ರೀತೆ,
ಹೃದಯದ ಕಣಕ್ಕೆ ದುಡಿತ ಬಿಟ್ಟು
ಮರಿ ಹಾಕಲು ಪುರುಸೊತ್ತಿಲ್ಲ.
ಇದು ಹುಟ್ಟಿದ್ದು ರಕ್ತನಾಳದ ಒಳಪೊರೆಯಲ್ಲಿ.
ಗಾಜಿನ ಪಟ್ಟಿಗಳನ್ನು ಹೊರದೇಶಕ್ಕೂ ಕಳಿಸಿದರು,
ಎರಡನೆಯವರೂ ಇಲ್ಲ ಅನ್ನಲಿಲ್ಲ.

ಗೋಡೆಯನ್ನೇ ಕತ್ತರಿಸಿದರು.
ಕಿಂಡಿಗೆ ಹಸುವಿನ ಹೃದಯಚೀಲದ ತೇಪೆ.
ಎಚ್ಚರವಾದವನು ಮೊದಲು ಕೇಳಿದ್ದು:
'ಹಸುವಿಗೆ ಹೆಸರಿತ್ತೇ?'
ಯಾರಿಗೂ ಗೊತ್ತಿರಲಿಲ್ಲ. ಅವನೇ ಒಂದಿಟ್ಟ,
ನಮಗೆ ಹೇಳಲಿಲ್ಲ.
ಅಂಚಿನಲ್ಲಿ ಒಂದಿಷ್ಟು ಉಳಿದಿರಬಹುದೆಂದು
ವಾರಕ್ಕೊಮ್ಮೆ ಕೀಮೊ.

ಈಗ ಮೂರು ತಿಂಗಳಿಗೊಮ್ಮೆ ಬರುತ್ತಾನೆ,
ಹುಬ್ಬಿಲ್ಲ, ಹೊಗೆಯ ವಾಸನೆಯೂ ತೆಳು.
ಹೆಂಡತಿಯೇ ಅಂಗಡಿ ತೆರೆಯುತ್ತಾಳೆ.
ನನಗೊಂದು ಪೊಟ್ಟಣ ತರುತ್ತಾನೆ,
ಎಣ್ಣೆಗೆ ಕಾಗದ ಪಾರದರ್ಶಕ.
'ಹಿಡಿಯಿರಿ' ಅನ್ನುತ್ತೇನೆ.
ಪರದೆಯತ್ತ ಅವನು ನೋಡುವುದೇ ಇಲ್ಲ;
ನನ್ನ ಬಾಯನ್ನೇ ನೋಡುತ್ತ
'ಬಿಡಿ' ಬರಲು ಎಷ್ಟು ಹೊತ್ತೆಂದು
ಬೆರಳಲ್ಲಿ ಎಣಿಸುತ್ತಾನೆ.

ಹೋದ ಸಲ ಐದು.
ಇವತ್ತು, ಅಂಗಿಯ ಗುಂಡಿ ಹಾಕಿಕೊಳ್ಳುತ್ತ,
'ಏಳು' ಅಂದ.