ನಡುವಿನ ತಟ್ಟೆ

ನರಿನ್ ಊರಾಚೆ, ಕಣಿವೆಯ ಕೊನೆಯ ಶೆಡ್ಡಿನಲ್ಲಿ
ಅಪ್ಪನ ಉವಾಜ್ ಜೀಪು ಬಾಯಿ ತೆರೆದು ನಿಂತಿದೆ.
ಬಾನೆಟ್ಟು ಗೋಡೆಗೆ ಒರಗಿದೆ, ರೇಡಿಯೇಟರು ಹುಲ್ಲಿನ ಮೇಲೆ,
ಇಂಜಿನ್ನು ಕೂತಿದ್ದ ಕಡೆ ಈಗ
ಒಂದು ಕುರಿಮರಿ ಮಲಗುವಷ್ಟು ಬಯಲು.

ಅಪ್ಪ ಕುರಿಗಳ ಡಾಕ್ಟರು.
ಸಾಮೂಹಿಕ ಫಾರ್ಮು ಮುಚ್ಚಿದ ವರ್ಷ
ಹದಿನಾಲ್ಕು ತಿಂಗಳ ಸಂಬಳದ ಬಾಕಿಗೆ
ಕೊಟ್ಟು ಕಳಿಸಿದ್ದು ಈ ನಾಲ್ಕು ಚಕ್ರ.
ಮದುವೆಮನೆಯ ಸೋದರಮಾವನಂತೆ ಕುಡಿಯುತ್ತಿತ್ತು ಪೆಟ್ರೋಲು:
ಗುಡ್ಡ ಹತ್ತುವಾಗ ಒಂದು ಡಬ್ಬ,
ಇಳಿಯುವಾಗಲೂ, ಯಾಕೋ, ಒಂದು ಡಬ್ಬ.
ಕೀಲಿ ತಿರುಗಿಸುವ ಮೊದಲು ಅಪ್ಪ ಅದನ್ನು
ತಾಯಿ ತಂದೆ ಸಮೇತ ಬಯ್ಯುತ್ತಿದ್ದ.
ಬಯ್ದರೇ ಹೊರಡುತ್ತಿತ್ತು.

ಡೀಸೆಲ್ಲು ಸಿಕ್ಕಿದ್ದು
ದೋಲೊನ್ ಘಾಟಿಯಲ್ಲಿ ಮಗುಚಿದ ಮಿನಿಬಸ್ಸಿನದು.
ಜರ್ಮನ್, ಐದು ಸಿಲಿಂಡರು.
ಇಪ್ಪತ್ತು ವರ್ಷ ಈ ಕಣಿವೆಯನ್ನು ರಾಜಧಾನಿಗೆ ಹೊತ್ತದ್ದು:
ಪರೀಕ್ಷೆಗೆ, ಪಾಸ್‌ಪೋರ್ಟಿಗೆ, ಹಲ್ಲು ಕೀಳಿಸಲಿಕ್ಕೆ,
ಒಮ್ಮೆ ನನ್ನನ್ನೂ, ಹೆರಿಗೆಯ ನೋವು ಕಚ್ಚಿಹಿಡಿದಿದ್ದಾಗ.
ಬಸ್ಸು ಮಗುಚಿದ ದಿನ ಯಾರೂ ಸಾಯಲಿಲ್ಲ.
ಹಿಂದಿನ ಸೀಟಿನ ಮೊಟ್ಟೆಗಳೂ ಅರ್ಧ ಉಳಿದವು.
ಅದನ್ನು ಕೇಳಿಕೊಂಡ ಮೇಲೇ ದುಡ್ಡು ಎಣಿಸಿದೆ.

"ಹೃದಯದ ಕಸಿ, ಅಲ್ಲವೆ ಬುರುಲ್?"
ಬಾಗಿಲಲ್ಲಿ ನಿಂತ ಭೂಗೋಳದ ಮೇಷ್ಟ್ರು.
ಹೃದಯಕ್ಕೆ ಹತ್ತೊಂಬತ್ತರ ಸ್ಪ್ಯಾನರು ಹಿಡಿಯುವುದಿಲ್ಲ ಮೇಷ್ಟ್ರೆ.
ಇದು ಮಾತು ಬಾರದ ಎರಡು ಮನೆಗಳ ಬೀಗತನ.
ಗೇರ್‌ಬಾಕ್ಸಿನ ತೂತುಗಳದು ರಷ್ಯನ್,
ಇಂಜಿನ್ನಿನ ತೂತುಗಳದು ಜರ್ಮನ್,
ನಡುವೆ ಬೇಕು ಒಂದು ಉಕ್ಕಿನ ತಟ್ಟೆ,
ಎರಡೂ ಕಡೆ ತಲೆಯಾಡಿಸುವ
ಹದಿನೆಂಟು ಮಿಲಿಮೀಟರ್ ದಪ್ಪದ ದಲ್ಲಾಳಿ.

ಮೊದಲು ರಟ್ಟಿನಲ್ಲಿ ಕತ್ತರಿಸಿದೆ, ಚಹಾಪೆಟ್ಟಿಗೆಯ ರಟ್ಟು.
ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ತೂತುಗಳ ಅಚ್ಚು ತೆಗೆದೆ.
ಲೇತಿನ ಸಗಿನ್ ಅಳೆದ, ಸುರಿದ, ಮೂಗು ಉಜ್ಜಿದ:
"ಕೂದಲೆಳೆ ಆಚೀಚೆ ಆದರೂ ಕ್ಲಚ್ಚು ವರ್ಷವಿಡೀ ಅಳುತ್ತೆ."
ಯಾರ ಕೂದಲು, ಕುದುರೆಯದೋ ಹಸುಗೂಸಿನದೋ?
ಅವನು ನಗಲಿಲ್ಲ. ಮತ್ತೆ ಅಳೆದ.

ಎಣ್ಣೆತೊಟ್ಟಿ ಮುಂದಿನ ಆಕ್ಸಲಿಗೆ ತಾಗಿತು.
ಕೊಯ್ದೆ, ಬೆಸೆದೆ. ಸೋರಿತು.
ಮತ್ತೆ ಕೊಯ್ದೆ.
ಐದನೇ ಸಿಲಿಂಡರಿಗಾಗಿ ರೇಡಿಯೇಟರು ನಾಲ್ಕು ಬೆರಳು ಸರಿಯಿತು.
ಭಾರಕ್ಕೆ ಮೂತಿ ತಗ್ಗಿತು, ತೊರೆಗೆ ಬಾಗಿದ ಚಮರಿಯ ಹಾಗೆ;
ಪಟ್ಟೆಗಳಿಗೆ ಇನ್ನೊಂದು ಪಟ್ಟೆ ಸೇರಿಸಿದೆ.
ಅಪ್ಪ ಸ್ಟೂಲಿನ ಮೇಲೆ ಕೂತು
ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಟ್ಟ,
ಹಳೇ ಇಂಜಿನ್ನಿನವನ್ನು ಮಾತ್ರ
ಬೇರೆ ಡಬ್ಬಿಯಲ್ಲಿ ಇಟ್ಟುಕೊಂಡ.
ನಾನು ನೋಡದ ಹಾಗೆ ಇದ್ದೆ.

ಅಕ್ಟೋಬರ್ ಹತ್ತೊಂಬತ್ತು. ಸೊನ್ನೆಗಿಂತ ಒಂಬತ್ತು ಕೆಳಗೆ.
ಅರ್ಧ ತಿರುಗಿಸು ಅಪ್ಪ, ಆ ಹಳದಿ ಸುರುಳಿ ಆರುವ ತನಕ ಕಾಯಬೇಕು.
"ಬಯ್ಯಲಾ?"
ಇದಕ್ಕೆ ಬಯ್ಯಬೇಕಾಗಿಲ್ಲ.
ಅವನ ಕೈಗೆ ಕೆಲಸ ಕಳೆದಂತಾಯಿತು.

ದೀಪ ಆರಿತು. ಕೆಮ್ಮು. ಕಪ್ಪು ಹೊಗೆ, ಆಮೇಲೆ ಬಿಳಿ,
ಆಮೇಲೆ ಆ ಸದ್ದು, ಕಬ್ಬಿಣದ ಬಾಣಲೆಯಲ್ಲಿ ಯಾರೋ ಬೆಣಚುಕಲ್ಲು ಹುರಿದಂತೆ.
ರಸ್ತೆಯಾಚೆ ಒಂದು ಊರುಗೋಲು ತಟ್ಟನೆ ನಿಂತಿತು:
ಶೈಲೋಬೆಕ್, ಆ ಮಿನಿಬಸ್ಸಿನ ಡ್ರೈವರು.
ತಲೆ ವಾಲಿಸಿ ಕೇಳಿಸಿಕೊಂಡ.
"ಮೂರನೆಯವನು ಈಗಲೂ ತಡವಾಗಿಯೇ ಬರ್ತಾನೆ" ಎಂದ,
ಹೊರಟುಹೋದ.

ಹಿತ್ತಲಿಂದ ನಮ್ಮ ನಾಯಿ ನುಗ್ಗಿ ಬಂತು.
ಹಳೇ ಸದ್ದಿಗೆ ಸೇತುವೆಯಾಚೆಯಿಂದಲೇ ಬಾಲ ಬೀಸುತ್ತಿದ್ದ ನಾಯಿ
ಜೀಪಿಗೆ ಹಲ್ಲು ಕಿಸಿದು ಬೊಗಳಿತು.
ಅಪ್ಪ ಇಳಿದ. ಇಂಜಿನ್ನು ನಿಲ್ಲಿಸಲಿಲ್ಲ.
ಕತ್ತಿನ ಪಟ್ಟಿ ಹಿಡಿದು
ಬಾನೆಟ್ಟಿಲ್ಲದ ಮೂತಿಯ ಬಳಿ ಅದನ್ನು ತಂದು,
ನಾಯಿಯನ್ನೋ ಜೀಪನ್ನೋ ತಿಳಿಯದ ಹಾಗೆ
ಆ ಹಳೇ ಬೈಗುಳ ಪೂರ್ತಿ ಬಯ್ದ,
ತಾಯಿ ತಂದೆ ಸಮೇತ.

ನಾಯಿಯ ಕಿವಿ ಇಳಿಯಿತು.
ಸೂಜಿ ಎಂಬತ್ತಕ್ಕೆ ಏರಿ ಅಲ್ಲೇ ನಿಂತಿತು.