ಕರ್ಮಣಿ ಪ್ರಯೋಗ

ಮೂರನೇ ಸಲ ವಾಪಸ್ ಬಂದದ ಅಧ್ಯಾಯ.
ಹಾಳಿ ತುಂಬ ಕೆಂಪು ಗೆರಿ,
ಮಳಿ ಬಿದ್ದ ಮರುದಿನ ನೌಬಾದದ ದಾರಿ ಇದ್ದಂಗ.
"ಇಲ್ಲೊಂದು ದಿ ಬೇಕು. ಇಲ್ಲಿ ಬ್ಯಾಡ. ಇಲ್ಲಿ ಬೇಕೇ ಬೇಕು."
ಗೈಡ್ ಮೇಡಂ ಒಳ್ಳೇವರು.
ಯಾಕ ಅಂತ ಕೇಳಿದರ ಮಾತ್ರ
ಕನ್ನಡಕ ತೆಗೆದು ಒರಸ್ತಾರ:
"ಕೇಳಿ ಕೇಳಿ ಬರ್ತದಮ್ಮ."

ನಾ ಕೇಳಿ ಬೆಳದದ್ದು ಬ್ಯಾರೆ.
ಓಣ್ಯಾಗ ಉರ್ದು, ಕಿರಾಣಿ ಅಂಗಡ್ಯಾಗ ಮರಾಠಿ,
ಐತವಾರ ಚರ್ಚಿನಾಗ
ತೆಲುಗಿನ ಎಳೆತಕ್ಕ ಸಿಕ್ಕ ಕನ್ನಡ ಪ್ರಾರ್ಥನಿ.
ದೇವರಿಗೆ ಸುದ್ದಾ ನಾವು
ಒಂದು ದಿ ಹಚ್ಚಿ ಕರದವರಲ್ಲ.

ನನ್ನ ವಿಷಯ ಜಂಬಿಟ್ಟಿಗೆ.
ಬೀದರ ಊರು ಕುಂತ ಕಲ್ಲು, ಮೈಯೆಲ್ಲ ತೂತು.
ನೀರು ಒಳಗೊಳಗ ಇಳಿದು
ಕರಿಕಲ್ಲು ಅಡ್ಡ ಬಂದಲ್ಲಿ ನಿಂತು
ಪಕ್ಕಕ್ಕ ಹೊರಳ್ತದ.
ನಲವತ್ತು ಬಾವಿ, ಎರಡು ಮಳಿಗಾಲ.
ಹಗ್ಗಕ್ಕ ಕಬ್ಬಿಣದ ಗುಂಡು ಕಟ್ಟಿ ಇಳಿಬಿಟ್ಟೆ,
ನೀರು ಮುಟ್ಟಿದ್ದು ಅಂಗೈಗೆ ತಿಳಿದ ಮ್ಯಾಲ
ಗಂಟು ಎಣಿಸಿ ಬರಕೊಂಡೆ.
ಒಮ್ಮೆ ಕಟ್ಟಿ ಮ್ಯಾಲಿಂದ ಜಾರಿ ಮೊಣಕಾಲು ತರಚಿತ್ತು,
ಅದನ್ನ ಬರೀಲಿಲ್ಲ.

"ನಾ ಅಳೆದೆ ಅಂತ ಬರೀಬಾರದು.
ಸಂಶೋಧನೆಯಾಗ ನಾನು ಇರಬಾರದು."
ಆಯ್ತು.
ನೀರಿನ ಮಟ್ಟ ಅಳೆಯಲ್ಪಟ್ಟಿತು.
ಮಾದರಿಗಳು ಸಂಗ್ರಹಿಸಲ್ಪಟ್ಟವು.

ಏಳನೇತ್ತ್ಯಾಗ ಕನ್ನಡ ಮಾಸ್ತರು
ಐದು ಮಾರ್ಕಿಗೆ ಇದನ್ನೇ ಮಾಡಸ್ತಿದ್ದರು,
ರಾಮನಿಂದ ಹಣ್ಣು ತಿನ್ನಲ್ಪಟ್ಟಿತು.
ಬೆಂಚಿಗೆ ಬೆಂಚೇ ನಕ್ಕಿತ್ತು:
ಹಿಂಗ ಯಾರ್ ಮಾತಾಡ್ತಾರ್ರಿ ಸರ್?
ಈಗ ಗೊತ್ತಾತು, ಯಾರು ಅಂತ.

ಆದರ ಕನ್ನಡದ ಕರ್ಮಣಿಗೆ ಒಂದು ಕರುಣಿ ಅದ.
ಪಡು ಅಂತದ.
ಯಾರೋ ಪಟ್ಟಾರ, ಪಾಡು ಪಟ್ಟಾರ
ಅನ್ನೂದು ಅಲ್ಲೇ ಉಳೀತದ.
ಮತ್ತ ನಾನು ಅಂತ ನಾ ಅನ್ನದಿದ್ದರೂ
ಅಳೆದೆ ಅಂದರ ಸಾಕು,
ಕೊನೀ ದಕಾರದ ತಲಿ ಮ್ಯಾಲಿನ
ಎತ್ವದಾಗ ನಾ ಕುಂತಿರ್ತೀನಿ.
ಇಂಗ್ಲಿಷಿನಾಗ ಒಂದಕ್ಷರದ ಆ ಕಂಬ ಕಿತ್ತರ
ನಾ ಪೂರಾ ಇಲ್ಲ,
ಹಗ್ಗ ತನ್ನಷ್ಟಕ್ಕ ತಾನೇ
ಬಾವಿಗಿಳಿದು ಬರ್ತದ.

ಹದಿನೇಳನೇ ಬಾವಿ ಹತ್ತಿರ ಕೆಂಪು ಶಾಯಿ: ಯಾರು ಹೇಳಿದ್ದು?

ಹೂಳು ತೆಗಿಯೋ ಘಾಳೆಪ್ಪ ಹೇಳಿದ್ದು.
"ಯಾನ್ ಬರೀಲತೀ ತಂಗಿ?
ಈ ನೀರು ತಳದಿಂದ ಬರಲ್ಲ.
ಮಳಿ ನಿಂತು ಹನ್ನೊಂದು ದಿನಕ್ಕ
ಪಡುವಣ ಗ್ವಾಡಿ ಬೆವರ್ತದ.
ಕೈ ಹಚ್ಚಿ ನೋಡು."
ಹಚ್ಚಿದೆ. ತಣ್ಣಗಿತ್ತು.
ಮುಂದಿನ ಮಳಿಗಾಲ ಎಣಿಸಿದೆ, ಹನ್ನೊಂದು.
ಬೆವರ್ತದ ಅನ್ನೂದಕ್ಕ ಸೀಪೇಜ್ ಅಂತ ಹಾಕಿದೆ.
ಶಬ್ದ ಬರೋಬ್ಬರಿ ಅದ,
ಅದರ ಹಣಿ ಮಾತ್ರ ಒಣಗ್ಯಾದ.

ಮೇಡಂ ಬಹಳ ಹೊತ್ತು ಸುಮ್ಮನಿದ್ದರು.
"ಅವರ ಹೆಸರು ಹಾಕು.
ಪರ್ಸನಲ್ ಕಮ್ಯುನಿಕೇಶನ್ ಅಂತ ಬರಿ, ತಾರೀಖು ಬರಿ.
ಅಡ್ಡಹೆಸರು ಮೊದಲು."
ಘಾಳೆಪ್ಪಗ ಅಡ್ಡಹೆಸರು ಎಲ್ಲೀದು?
ರೇಷನ್ ಕಾರ್ಡ್ ತಂದು ತೋರಿಸಿದ,
ಘಾಳೆಪ್ಪ ತಂದೆ ಧೂಳಪ್ಪ.
"ಅಪ್ಪನೂ ಇದೇ ಬಾವ್ಯಾಗ ಇಳೀತಿದ್ದ," ಅಂದ.
ಧೂಳಪ್ಪನ ಒಂದಕ್ಷರಕ್ಕ ಚುಕ್ಕಿ ಇಟ್ಟು
ಇಬ್ಬರನ್ನೂ ಕಂಸದೊಳಗ ಇಳಿಸಿದೆ.
ನಾ ಇರಬಾರದ ಹಾಳ್ಯಾಗ ಅವರು ಇದ್ದರು.

ಆ ರಾತ್ರಿ ವಾಕ್ಯ ತಿದ್ದೂವಾಗ
ಯಾರೂ ಹೇಳದೇ ಕೈ ನಿಂತಿತು.
ಪಡುವಣ ಗ್ವಾಡಿ. ಯಾವ ಗ್ವಾಡಿ?
ಅದೇ. ಅಂವ ತೋರಿಸಿದ್ದು, ನಾ ಮುಟ್ಟಿದ್ದು,
ಇಬ್ಬರಿಗೂ ಗೊತ್ತಿದ್ದದ್ದು.
ಅಲ್ಲಿ ಒಂದು ದಿ ಇಟ್ಟೆ,
ಕೈ ಹಚ್ಚಿದಂಗ.

ನಾಕನೇ ಸಲಾನೂ ವಾಪಸ್ ಬಂತು ಅಧ್ಯಾಯ.
ಆ ದಿ ಮ್ಯಾಲ ಗೆರಿ ಇಲ್ಲ.
ಅದೇ ಹಾಳ್ಯಾಗ ಕೆಳಗ
ಇನ್ನೂ ಆರು ಬಿಟ್ಟೀನಂತ.