ಮುಖದ ಮಣ್ಣು

ಕುಣಿಗಲ್ಲಿನ ಕುದುರೆ ಫಾರಮ್ಮಿನ ದಫ್ತರದಲ್ಲಿ
ಹುಟ್ಟಿದ ಮರಿಗಳನ್ನು ಬರೆದುಕೊಳ್ಳುವುದು ನನ್ನ ಕೆಲಸ.
ಅಪ್ಪ ಯಾರು, ತಾಯಿ ಯಾರು, ಹಣೆಯ ಚುಕ್ಕೆ ಎಷ್ಟಗಲ,
ಯಾವ ಕಾಲು ಬಿಳಿ.
ಒಂದೇ ಫೆಬ್ರವರಿಯ ಒಂದೇ ಪುಟದಲ್ಲಿ
ಬರೆದೆ ಇಬ್ಬರನ್ನೂ:
ಮೇಲೆ ರೆಡ್ ದರ್ಬಾರ್. ಕೆಳಗೆ ಈವನಿಂಗ್ ಲೆಟರ್.
(ಆಗಲೂ ಕೆಳಗೇ ಬರೆದಿರಲ್ಲ ಎಂದು ಚಮನ್ ಸಾಬಿ
ವರ್ಷಗಳಾದ ಮೇಲೆ ನನ್ನ ಮೇಲೆ ಮುನಿದದ್ದುಂಟು.
ಹುಟ್ಟಿದ ಹೊತ್ತಿನ ಪ್ರಕಾರ ಸಾಬ್ರೇ, ಎಂದರೂ ಕೇಳಲಿಲ್ಲ.)

ಆ ಹೆಸರು ಲಾಯದವರ ನಾಲಿಗೆಗೆ ಒಗ್ಗದೆ
ಅವಳು ಕಾಗದಮ್ಮನಾದಳು.

ಕಾಗದಮ್ಮ ನಿಧಾನದವಳಲ್ಲ. ಇದನ್ನು ಮೊದಲೇ ಹೇಳಬೇಕಿತ್ತು.
ಬೆಂಗಳೂರಿನ ಡರ್ಬಿಯಲ್ಲಿ ಅವಳು ಓಟ ಮುಗಿಸಿದ ಹೊತ್ತಿಗೆ
ಹಿಂದಿನ ಹನ್ನೊಂದು ವರ್ಷ ಗೆದ್ದವರು ಯಾರೂ
ಇನ್ನೂ ಕಂಬ ಮುಟ್ಟಿರುತ್ತಿರಲಿಲ್ಲ.
ಗಡಿಯಾರ ಹಾಗೆ ಹೇಳಿತು.
ಗಡಿಯಾರದ ಮಾತು ಯಾರಿಗೆ ಬೇಕು,
ಅವಳ ಮುಂದೆ ಒಂದು ಕುತ್ತಿಗೆ ಇತ್ತು.
ಒಮ್ಮೆ ಕುತ್ತಿಗೆ, ಒಮ್ಮೆ ತಲೆ, ಮೈಸೂರಲ್ಲಿ ಬರೀ ಮೂಗು,
ಊಟಿಯಲ್ಲಿ, ಜ್ವರ ಬಿಟ್ಟ ವಾರ, ಎರಡು ಮೈಯುದ್ದ.
ಏಳು ಸಲ ಒಟ್ಟಿಗೆ ಓಡಿದರು.
ಏಳು ಸಲವೂ.

ಬಸ್‌ಸ್ಟ್ಯಾಂಡಿನ ಕ್ಷೌರದ ಗಂಗಹನುಮಯ್ಯ ಮಾತ್ರ
ಅವಳಿಂದ ಕೆಟ್ಟವನಲ್ಲ.
ಪ್ಲೇಸಿಗೆ ಇಪ್ಪತ್ತು ಹಾಕಿದರೆ ಇಪ್ಪತ್ತಮೂರು ಬರುತ್ತಿತ್ತು.
ಮೂರು ರೂಪಾಯಿಗೆ ಕಡ್ಲೆಪುರಿ ಕಟ್ಟಿಸಿಕೊಂಡು,
‘ಗೆದ್ದೆತ್ತಿನ ಬಾಲ ಹಿಡಿಯೋರು ಹಿಡೀಲಿ ಸ್ವಾಮಿ,
ನಾನು ಬಾಲದ ಹಿಂದಿರೋಳ್ನ ಹಿಡಿದಿದ್ದೀನಿ,
ಒಂದ್ ದಿನ ಕೈಕೊಟ್ಟಿಲ್ಲ’ ಎನ್ನುತ್ತ
ನನ್ನ ಕೆನ್ನೆಗೆ ನೊರೆ ಬಳಿಯುತ್ತಿದ್ದ.

ಚಮನ್ ಸಾಬಿಗೆ ಆ ಸಮಾಧಾನವಿರಲಿಲ್ಲ.
ಅವನು ಹೇಳುತ್ತಿದ್ದದ್ದು ಒಂದೇ, ಅದೂ ರಾತ್ರಿ, ಹುರುಳಿ ಬೇಯುವಾಗ:

‘ಜೂನಿನ ರೇಸು. ಹಿಂದಿನ ರಾತ್ರಿ ಸುರಿದು ನೆಲವೆಲ್ಲ ಕೆಸರು.
ಗೆದ್ದವನು ಬಂದ. ಅವನ ಮುಖ ನೋಡಬೇಕಿತ್ತು ನೀವು,
ಹುಣಿಸೆಹಣ್ಣು ಹಾಕಿ ಬೆಳಗಿದ ತಾಮ್ರದ ಬಿಂದಿಗೆ,
ಚಿಟಿಕೆ ಮಣ್ಣಿಲ್ಲ.
ಹಾರ ಹಾಕಿದರು, ಫೋಟೋ ಹಿಡಿದರು.
ನಮ್ಮವಳು ಬಂದಳು,
ಕಣ್ಣು ಯಾವುದು ಹಣೆ ಯಾವುದು ತಿಳಿಯದಂತೆ ಮೆತ್ತಿಕೊಂಡು.
ಅವನ ಗೊರಸು ಎಸೆದ ನೆಲವನ್ನೆಲ್ಲ
ಮುಖದಲ್ಲಿ ಹೊತ್ತು ತಂದಿದ್ದಳು.
ಮೂಗಿನ ಹೊಳ್ಳೆಗೆ ಬೆರಳು ಹಾಕಿ ತೆಗೆದೆ,
ಹುಲ್ಲಿನ ಬೇರು ಸಮೇತ ಬಂತು.
ಹೇಳಿ ಗುಮಾಸ್ತರೇ,
ಆ ಮಣ್ಣೊಳಗೆ ಕಣ್ಣು ಬಿಟ್ಟುಕೊಂಡು ಓಡುವುದು
ಅವನಿಗೆ ಬರುತ್ತಿತ್ತಾ?’

ನನಗೆ ಗೊತ್ತಿರಲಿಲ್ಲ. ಅದನ್ನು ಬರೆಯುವ ಕಾಲಂ
ನನ್ನ ಪುಸ್ತಕದಲ್ಲಿರಲಿಲ್ಲ.

ಇಬ್ಬರೂ ಮರಳಿ ಬಂದರು, ಅವನು ಬೀಜಕ್ಕೆ, ಅವಳು ಬಸಿರಿಗೆ.
ಅವನಿಗೆ ಫ್ಯಾನಿರುವ ಲಾಯ, ಹಿತ್ತಾಳೆಯ ಹೆಸರು ಫಲಕ,
ಭಾನುವಾರ ನೋಡಬರುವ ಕಾರುಗಳು.
ಅವಳಿಗೆ ಕೆರೆ ಕಡೆಯ ಬೇಲಿ,
ಹಿಂಡಿನಲ್ಲಿ ಹನ್ನೆರಡನೆಯವಳ ಪಾಲಿನ ಕುದುರೆಮೆಂತ್ಯ.
ಇಬ್ಬರಿಗೂ ಒಂದು ಮಗನಾದ. ಸುತ್ತಲಿನವರು ಕತ್ತು ಚಾಚಿದರು.
ಆ ಮಗ ಓಡಲೇ ಇಲ್ಲ.
ನೀರು ಕಂಡಲ್ಲಿ ನಿಂತು ತನ್ನ ನೆರಳನ್ನು ಮೂಸುವನು.
ತುಮಕೂರಿನ ಬ್ಯಾಂಡಿನವರು ಕೊಂಡೊಯ್ದರು; ಈಗ
ಮದುವೆ ಗಂಡುಗಳನ್ನು ಹೊತ್ತು ನಡೆಯುತ್ತಾನಂತೆ,
ಪಟಾಕಿಗೂ ಬೆದರದೆ, ಎಲ್ಲರಿಗಿಂತ ಮುಂದೆ.
ಕೇಳಿ ನನಗೇಕೋ ಖುಷಿಯೇ ಆಯಿತು.

ರೆಡ್ ದರ್ಬಾರ್ ಹೊಟ್ಟೆಶೂಲೆಯಿಂದ ಸತ್ತದ್ದು ಒಂದು ಮಾಗಿಯ ರಾತ್ರಿ.
ಪೇಪರಿನಲ್ಲಿ ಬಂತು.
ಕೊನೆಯ ಸಾಲಿನಲ್ಲಿ, ಅವನು ಏಳು ಬಾರಿ ಸೋಲಿಸಿದವಳೆಂದು
ಅವಳ ಹೆಸರಿತ್ತು, ಒಂದಕ್ಷರ ತಪ್ಪಾಗಿ.

ಮರುದಿನ ಬೆಳಿಗ್ಗೆ ಬೇಲಿಗುಂಟ ಅವಳು ಓಡಿದಳು.
ಹದಿನೇಳರ ಮುದುಕಿ, ಜೋತ ಹೊಟ್ಟೆ.
ಯಾರೂ ಅಟ್ಟಿರಲಿಲ್ಲ. ನೆಲ ಗಟ್ಟಿಯಿತ್ತು,
ಇಬ್ಬನಿ ಬಿಟ್ಟರೆ ಏನೂ ಸಿಡಿಯುತ್ತಿರಲಿಲ್ಲ.
ಚಮನ್ ಸಾಬಿ ಬಕೆಟ್ಟು ಕೆಳಗಿಟ್ಟ.
ಬೇಲಿ ತಿರುಗುವಲ್ಲಿ ಅವಳು ಒಳಬದಿಗೆ ಬರಲಿಲ್ಲ,
ಒಂದು ಕುದುರೆ ಹಿಡಿಸುವಷ್ಟು ಜಾಗ ಬಿಟ್ಟು
ಹೊರಗಿನಿಂದ ಬಂದಳು,
ಕಣ್ಣು ಕಿರಿದು ಮಾಡಿಕೊಂಡು.

ಅವನು ಒದ್ದೆ ಬಟ್ಟೆ ತಂದು ಅವಳ ಮುಖ ಒರೆಸಿದ.
ಬಟ್ಟೆ ಬೆಳ್ಳಗೇ ಬಂತು.
ಇನ್ನೊಮ್ಮೆ ಒರೆಸಿದ.